ಗಳಗಂಡ ಹಿಮಾಲಯದ ನೀರಿನ ರೋಗ ಅಂತ ಸುಶ್ರುತ ಸಂಹಿತೆ ಹೇಳುತ್ತದೆ. ಹಾಗಾದರೆ ಮಲೆನಾಡಿನ ನಮ್ಮ ಅಜ್ಜಿಗೆ ಅದು ಬಂದದ್ದು ಎಲ್ಲಿಂದ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳಿಂದ ಸುಶ್ರುತ ಸಂಹಿತೆಯನ್ನು ದಿನಕ್ಕಿಷ್ಟು ಅಂತ ಓದುತ್ತಿದ್ದೇನೆ. ಸೂತ್ರಸ್ಥಾನದ 45ನೇ ಅಧ್ಯಾಯದಲ್ಲಿ ನೀರಿನ ವಿಚಾರ ಬರುತ್ತದೆ. ಯಾವ ಬೆಟ್ಟದಲ್ಲಿ ಹುಟ್ಟಿದ ಹೊಳೆಯ ನೀರಿನಿಂದ ಯಾವ ರೋಗ ಅಂತ ಒಂದು ಪಟ್ಟಿಯೇ ಇದೆ ಅಲ್ಲಿ. ಸಹ್ಯಾದ್ರಿಯ ನದಿಗಳಿಂದ ಕುಷ್ಠ, ವಿಂಧ್ಯದವುಗಳಿಂದ ಕುಷ್ಠ ಮತ್ತು ಪಾಂಡುರೋಗ, ಮಲಯದವುಗಳಿಂದ ಕ್ರಿಮಿ, ಮಹೇಂದ್ರದವುಗಳಿಂದ ಆನೆಕಾಲು ಮತ್ತು ಉದರರೋಗ. ಹಿಮವತ್ಪರ್ವತದ ನದಿಗಳಿಂದ ಹೃದ್ರೋಗ, ಬಾವು, ಶಿರೋರೋಗ, ಆನೆಕಾಲು, ಕೊನೆಯಲ್ಲಿ ಗಳಗಂಡ.

ಆ ಕೊನೆಯ ಪದ ನೋಡಿ ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕೂತೆ. ನಮ್ಮ ಅಜ್ಜಿಗೆ ಗಳಗಂಡ ಇತ್ತು. ಕೊಪ್ಪ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹುಟ್ಟಿ ಪಕ್ಕದ ಹಳ್ಳಿಗೆ ಮದುವೆಯಾಗಿ ಬಂದವರು. ಶೃಂಗೇರಿ ದಾಟಿ ಆಚೆಗೆ ಹೋದದ್ದೇ ಅಪರೂಪ. ಕುಡಿದದ್ದು ಮನೆ ಹಿಂದಿನ ಗುಡ್ಡದಿಂದ ಅಡಿಕೆ ದಬ್ಬೆಯಲ್ಲಿ ಇಳಿದು ಬರುತ್ತಿದ್ದ ಅಬ್ಬಿ ನೀರು. ಸಹ್ಯಾದ್ರಿಯ ನೀರೇ ತಾನೆ ಅದು! ನನಗೆ ನೆನಪಿರುವ ಹೊತ್ತಿಗೆ ಅವರ ಕೊರಳ ಬಲಬದಿಯಲ್ಲಿ ಮಾದಲಕಾಯಿಯಷ್ಟು ಗಡ್ಡೆ ಇತ್ತು. ಯಾರಾದರೂ ಹೊಸಬರು ಅಂಗಳಕ್ಕೆ ಕಾಲಿಟ್ಟರೆ ಸಾಕು, ಕೈ ತಾನಾಗಿಯೇ ಸೆರಗು ಎಳೆದುಕೊಳ್ಳುತ್ತಿತ್ತು.

ನನ್ನ ಪ್ರಶ್ನೆ ಎರಡು. ಒಂದು, ಗಳಗಂಡವನ್ನು ಹಿಮಾಲಯಕ್ಕೆ ಮಾತ್ರ ಕಟ್ಟಿಹಾಕಿದ್ದು ಯಾಕೆ? ಎರಡು, ಅಮ್ಮ ಅದನ್ನು ಯಾವಾಗಲೂ "ಗಂಡಮಾಲೆ" ಅನ್ನುತ್ತಿದ್ದರು. ಎರಡೂ ಒಂದೆಯಾ? ಹಳೆಯ ಪುಸ್ತಕಗಳಲ್ಲಿ ಗಂಡಮಾಲೆ ಅಂತ ಕಂಡಲ್ಲೆಲ್ಲ ನಮ್ಮಜ್ಜಿಯ ಕಾಯಿಲೆ ಅಂತಲೇ ಓದಿಕೊಳ್ಳಬಹುದಾ?

ಹಳೇಹೊತ್ತಗೆ

ಎರಡನೆಯದಕ್ಕೆ ಮೊದಲು ಉತ್ತರ ಕೊಡುತ್ತೇನೆ, ಯಾಕೆಂದರೆ ಅಲ್ಲಿ ಎಡವಿದರೆ ಮುಂದಿನದೆಲ್ಲ ದಾರಿ ತಪ್ಪುತ್ತದೆ. ಎರಡೂ ಒಂದಲ್ಲ. ಚರಕ ಸಂಹಿತೆಯ ಚಿಕಿತ್ಸಾಸ್ಥಾನದ 12ನೇ ಅಧ್ಯಾಯ, ಶ್ವಯಥು ಅಂದರೆ ಬಾವಿನ ಪ್ರಕರಣ, ಒಂದೇ ಸಾಲಿನಲ್ಲಿ ಗೆರೆ ಎಳೆಯುತ್ತದೆ: "ಗಲಸ್ಯ ಪಾರ್ಶ್ವೇ ಗಲಗಂಡ ಏಕಃ ಸ್ಯಾದ್, ಗಂಡಮಾಲಾ ಬಹುಭಿಸ್ತು ಗಂಡೈಃ." ಕೊರಳ ಪಕ್ಕದಲ್ಲಿ ಒಂದೇ ಗಡ್ಡೆಯಿದ್ದರೆ ಗಳಗಂಡ, ಗಡ್ಡೆಗಳು ಮಾಲೆಯ ಹಾಗೆ ಸಾಲುಗಟ್ಟಿದರೆ ಗಂಡಮಾಲೆ. ಇಲ್ಲಿನ "ಗಂಡ" ನಮ್ಮ ಮನೆಮಾತಿನ ಗಂಡ ಅಲ್ಲ, ಊತ ಅಥವಾ ಗಂಟು ಅನ್ನುವ ಸಂಸ್ಕೃತ ಪದ.

ಇವತ್ತಿನ ವೈದ್ಯರ ಕಣ್ಣಲ್ಲಿ ಗಂಡಮಾಲೆ ಅಂದರೆ ಕತ್ತಿನ ದುಗ್ಧರಸ ಗ್ರಂಥಿಗಳು (ಲಿಂಫ್ ಗಂಟುಗಳು) ಊದಿಕೊಳ್ಳುವುದು, ಬಹುಪಾಲು ಕ್ಷಯದಿಂದ. ಗಳಗಂಡ ಅಂದರೆ ಥೈರಾಯ್ಡ್ ಗ್ರಂಥಿಯ ಊತ. ಸುಶ್ರುತದ ನಿದಾನಸ್ಥಾನ 11ನೇ ಅಧ್ಯಾಯದಲ್ಲಿ ಗಳಗಂಡದ ಲಕ್ಷಣ ಹೇಳುವಾಗ ಗಂಟಲಲ್ಲಿ ಅಂಟಿಕೊಂಡು ವೃಷಣದ ಹಾಗೆ ಜೋತಾಡುವ ಊತ, ದೊಡ್ಡದೂ ಇರಬಹುದು ಚಿಕ್ಕದೂ ಇರಬಹುದು ಅನ್ನುತ್ತಾರೆ. ಹೋಲಿಕೆ ಒರಟು, ಆದರೆ ಜೋತಾಡುವ ಗಳಗಂಡವನ್ನು ಕಣ್ಣಾರೆ ಕಾಣದವರ ಕೈಯಲ್ಲಿ ಇದು ಬರುವುದಿಲ್ಲ. ವಾತ, ಕಫ, ಮೇದಸ್ಸು ಅಂತ ಮೂರು ಬಗೆ ಮಾಡುತ್ತಾರೆ.

ಇದೇ ಗೊಂದಲ ಯುರೋಪಿನಲ್ಲೂ ಇತ್ತು. ಲ್ಯಾಟಿನ್ನಿನ "ಸ್ಟ್ರೂಮಾ" ಮೊದಲು ಹೇಳುತ್ತಿದ್ದದ್ದು ಗಂಡಮಾಲೆಯನ್ನು. ಆಮೇಲೆ ಜರ್ಮನ್ ವೈದ್ಯರ ಬಾಯಲ್ಲಿ ಅದೇ ಪದ ಗಳಗಂಡಕ್ಕೆ ಹೊರಳಿತು. ಹಾಗಾಗಿ ಹಳೆಯ ಬರಹದಲ್ಲಿ "ಕತ್ತಿನ ಬಾವು" ಅಂತ ಕಂಡರೆ ಒಂದಾ ಹಲವಾ, ಕೊರಳ ಮುಂದೆಯಾ ಪಕ್ಕದಲ್ಲಾ, ಕೀವು ಸೋರುತ್ತದೋ ಇಲ್ಲವೋ, ಇಷ್ಟನ್ನಾದರೂ ನೋಡಲೇಬೇಕು.

ಬಯಲುಸೀಮೆ

ಅಥರ್ವವೇದದಲ್ಲೇ ಗಳಗಂಡ ಇದೆ ಅಂತ ಓದಿದ್ದೆ. ಕತ್ತಿನ ಮೇಲೆ ಏಳು ಮತ್ತು ಎಪ್ಪತ್ತು ಅಂತೇನೋ ಒಂದು ಮಂತ್ರ. ಅದನ್ನು ಯಾಕೆ ಬಿಟ್ಟಿರಿ?

ಹಳೇಹೊತ್ತಗೆ

ಒಳ್ಳೆಯ ಉದಾಹರಣೆ ಕೊಟ್ಟಿರಿ, ಆದರೆ ಅದು ನನ್ನ ಮಾತನ್ನೇ ಗಟ್ಟಿ ಮಾಡುತ್ತದೆ. 6ನೇ ಕಾಂಡದ 25ನೇ ಸೂಕ್ತ ಅದು. ಕುತ್ತಿಗೆಯ ಹಿಂಭಾಗಕ್ಕೆ ಐದು ಮತ್ತು ಐವತ್ತು, ಕೊರಳಿಗೆ ಏಳು ಮತ್ತು ಎಪ್ಪತ್ತು, ಹೆಗಲಿಗೆ ಒಂಬತ್ತು ಮತ್ತು ತೊಂಬತ್ತು ಬಂದು ಸೇರುತ್ತವೆ, ಅವೆಲ್ಲ ಇಲ್ಲಿಂದ ಅಳಿದುಹೋಗಲಿ ಅನ್ನುವ ಪ್ರಾರ್ಥನೆ. ಲೆಕ್ಕವಿಲ್ಲದಷ್ಟು ಗಂಟುಗಳು, ಅದೂ ಹೆಗಲವರೆಗೆ! ಥೈರಾಯ್ಡ್ ಹೆಗಲಿಗೆ ಹೋಗುವುದಿಲ್ಲ. ಅಥರ್ವವೇದ ಬೇರೆಡೆ "ಅಪಚಿತ್" ಅಂತ ಕರೆಯುವ ರೋಗವೇ ಇದು, ಸುಶ್ರುತದ ಕಾಲಕ್ಕೆ "ಅಪಚೀ" ಆಯಿತು. ಗಂಡಮಾಲೆಯ ಬಳಗಕ್ಕೆ ಸೇರಿದ್ದು. ಅದರ ನೋವು ಏನೂ ಕಡಿಮೆಯದಲ್ಲ, ಆದರೆ ತುಂಗಾತೀರ ಅವರ ಅಜ್ಜಿಯ ರೋಗ ಅದಲ್ಲ.

ಇಂಗ್ಲೆಂಡ್, ಫ್ರಾನ್ಸ್‌ಗಳ ದೊರೆಗಳು ಕೈಯಿಂದ ಮುಟ್ಟಿ ವಾಸಿ ಮಾಡುತ್ತಿದ್ದರು ಅನ್ನುವ "ದೊರೆಯ ರೋಗ"ವೂ ಗಂಡಮಾಲೆಯೇ. ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್ ಎರಡೂವರೆ ವರ್ಷದ ಮಗುವಾಗಿದ್ದಾಗ, 1712ರಲ್ಲಿ, ಆ್ಯನ್ ರಾಣಿ ಮುಟ್ಟಿದ್ದು ಇದಕ್ಕೇ. ಇದನ್ನೂ ಎಷ್ಟೋ ಕಡೆ ಗಳಗಂಡ ಅಂತ ಅನುವಾದಿಸಿರುತ್ತಾರೆ.

ಮುಂಗಾರುಮನೆ

ತುಂಗಾತೀರ, ನಮ್ಮ ಊರು ಬಾಳೆಹೊನ್ನೂರಿನ ಹತ್ತಿರ. ನಮ್ಮ ದೊಡ್ಡಮ್ಮನಿಗೂ ಇತ್ತು. ನಿಮ್ಮ ಅಜ್ಜಿ ಸೆರಗು ಎಳೆದುಕೊಳ್ಳುವುದನ್ನು ಓದಿ ಕಣ್ಣು ತುಂಬಿತು. ಸದ್ಯಕ್ಕೆ ಅಷ್ಟೇ ಹೇಳಬಲ್ಲೆ.

ಆಲ್ಪ್ಸ್‌ಮಡಿಲು

ನಾನು ಹನ್ನೊಂದು ವರ್ಷದಿಂದ ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿದ್ದೇನೆ. ಮೂಲ ಹಾಸನ. ಈ ದೇಶದ ಚರಿತ್ರೆಯಲ್ಲಿ ಗಳಗಂಡಕ್ಕೆ ಇರುವಷ್ಟು ಜಾಗ ಇನ್ನೆಲ್ಲೂ ಇರಲಾರದು. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಸಹಿಸಿಕೊಳ್ಳಿ.

ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ಕ್ರಿಸ್ತಪೂರ್ವ ಮೊದಲ ಶತಮಾನದಲ್ಲಿ ಕಟ್ಟಡ ಕಟ್ಟುವುದರ ಬಗ್ಗೆ ಹತ್ತು ಸಂಪುಟ ಬರೆದ. ಎಂಟನೆಯದು ಪೂರ್ತಿ ನೀರಿನದು. ಊರು ಕಟ್ಟುವವನಿಗೆ ಅಲ್ಲಿನ ನೀರಿನ ಗುಣ ಗೊತ್ತಿರಬೇಕು ಅನ್ನುವುದು ಅವನ ಹಟ. ಅದರಲ್ಲಿ ಇಟಲಿಯ ಎಕ್ವಿಕುಲಿ ಜನರ ನಾಡಿನಲ್ಲೂ ಆಲ್ಪ್ಸ್‌ನ ಮೆಡುಲ್ಲಿ ಬುಡಕಟ್ಟಿನವರಲ್ಲೂ ಒಂದು ಬಗೆಯ ನೀರಿದೆ, ಕುಡಿದವರ ಗಂಟಲು ಊದಿಕೊಳ್ಳುತ್ತದೆ ಅನ್ನುತ್ತಾನೆ. ಸುಶ್ರುತದ ಪಟ್ಟಿಗೂ ಇದಕ್ಕೂ ಎಷ್ಟು ಹೋಲಿಕೆ ನೋಡಿ. ಇವರು ಅವರನ್ನು ಓದಿರಲಿಲ್ಲ, ಅವರು ಇವರನ್ನು ಓದಿರಲಿಲ್ಲ. ಹಿಮ ಕರಗಿ ಹರಿಯುವ ನಾಡನ್ನು ನೋಡಿದ ಇಬ್ಬರೂ ಅದೇ ಮಾತು ಆಡಿದರು. ರೋಮಿನ ಬರಹಗಾರ ಪ್ಲಿನಿ ಕೂಡ ಗಂಟಲು ಊದುವುದು ಮನುಷ್ಯನಿಗೂ ಹಂದಿಗೂ ಮಾತ್ರ, ಬಹುಮಟ್ಟಿಗೆ ಕುಡಿಯುವ ನೀರಿನ ದೋಷದಿಂದ ಅಂತ ಬರೆದ. ಕವಿ ಜುವೆನಾಲ್, ಆಲ್ಪ್ಸ್‌ನಲ್ಲಿ ಊದಿದ ಗಂಟಲು ನೋಡಿ ಯಾರು ತಾನೇ ಬೆರಗಾಗುತ್ತಾರೆ ಅಂತ ಕೇಳಿದ. ಅಂದರೆ ಅಷ್ಟು ಮಾಮೂಲಾಗಿಬಿಟ್ಟಿತ್ತು.

ಮೈಕೆಲ್ಯಾಂಜೆಲೊ ಸಿಸ್ಟೀನ್ ಚಾಪೆಲ್‌ನ ಮೇಲ್ಛಾವಣಿಗೆ ಚಿತ್ರ ಬರೆಯುವಾಗ ಗೆಳೆಯನಿಗೆ ಒಂದು ಪದ್ಯ ಕಳಿಸಿದ. ತಲೆ ಎತ್ತಿ ಎತ್ತಿ ಕೆಲಸ ಮಾಡಿ ನನಗೆ ಗಳಗಂಡವೇ ಬಂದಿದೆ, ಲೊಂಬಾರ್ಡಿಯ ಬೆಕ್ಕುಗಳಿಗೆ ಅಲ್ಲಿನ ನೀರಿನಿಂದ ಬರುವ ಹಾಗೆ ಅನ್ನುತ್ತಾನೆ. ಅದೇ ಲೊಂಬಾರ್ಡಿಯ ಬೆರ್ಗಮೊ ಊರಿನ ಗೊಂಬೆಯಾಟದಲ್ಲಿ ಜೊಪ್ಪಿನೊ ಅಂತ ಒಂದು ಪಾತ್ರ ಇದೆ, ಕೊರಳಲ್ಲಿ ಮೂರು ಗಳಗಂಡ. ನಾನು ಬೆರ್ಗಮೊದಲ್ಲಿ ಆ ಗೊಂಬೆಯನ್ನು ಕಣ್ಣಾರೆ ನೋಡಿದೆ. ಮರದ ಮುಖ, ಕೆಂಪು ಕೆನ್ನೆ, ಗಲ್ಲದ ಕೆಳಗೆ ಸಾಲಾಗಿ ಮೂರು ಉಂಡೆ, ಹೊಳೆಯುವಂತೆ ಬಣ್ಣ ಹಚ್ಚಿದ್ದಾರೆ. ಅವನು ಬಡ ರೈತ, ಬಾಯಿ ಒರಟು, ಮನಸ್ಸು ಒಳ್ಳೆಯದು, ತನ್ನ ಉಂಡೆಗಳ ಬಗ್ಗೆ ಹೆಮ್ಮೆ ಅವನಿಗೆ. ಅಕ್ಕಪಕ್ಕದ ಮಕ್ಕಳು ನಗುತ್ತಿದ್ದರು. ನನಗೆ ನಗು ಬರಲಿಲ್ಲ. ಒಂದು ಇಡೀ ಸೀಮೆಯ ಜನ ತಮ್ಮ ಕೊರಳನ್ನು ತಾವೇ ಗೊಂಬೆಗೆ ಕಟ್ಟಿ ಊರೂರು ತಿರುಗಿಸುವಷ್ಟು ಕಾಲ ಈ ರೋಗ ಅವರ ಜೊತೆ ಇತ್ತಲ್ಲ ಅನ್ನುವುದೇ ತಲೆಯಲ್ಲಿ ಓಡುತ್ತಿತ್ತು.

ಮುಂದಿನದು ನಾಳೆ ಬರೆಯುತ್ತೇನೆ. ಕೋಕರ್ ಮತ್ತು ಉಪ್ಪಿನ ಕಥೆ ಹೇಳಲೇಬೇಕು.

ಧಾರವಾಡದ_ಓದುಗಿ

ನಗುವ ಮಾತು ಬಂತಲ್ಲ, ಅದಕ್ಕೆ ಎದುರಾಗಿ ಒಂದು ಕಥೆ ಇದೆ. ಚೀನಾದ ಜುವಾಂಗ್‌ಜಿಯ ಗ್ರಂಥದ ಐದನೇ ಅಧ್ಯಾಯದಲ್ಲಿ ಬರುತ್ತದೆ. ಕೊರಳಲ್ಲಿ ಹರವಿಯಷ್ಟು ದೊಡ್ಡ ಗಳಗಂಡ ಇದ್ದ ಒಬ್ಬ ಮನುಷ್ಯ ಚೀ ರಾಜ್ಯದ ದೊರೆ ಹುವಾನ್‌ನ ಬಳಿ ಬಂದು ಮಾತಾಡುತ್ತಾನೆ. ದೊರೆಗೆ ಅವನು ಎಷ್ಟು ಹಿಡಿಸುತ್ತಾನೆ ಅಂದರೆ, ಆಮೇಲೆ ಸರಿಯಾಗಿರುವ ಜನರನ್ನು ನೋಡಿದಾಗ ಅವರ ಕೊರಳೇ ತೀರಾ ಸಣಕಲು ಅನ್ನಿಸಲು ಶುರುವಾಗುತ್ತದೆ. ಗುಣ ಎದ್ದು ಕಂಡರೆ ಆಕಾರ ಮರೆತುಹೋಗುತ್ತದೆ ಅಂತ ಅಲ್ಲಿಯೇ ಮುಂದಿನ ಮಾತು. ಎರಡು ಸಾವಿರ ವರ್ಷಕ್ಕೂ ಹಿಂದಿನ ಬರಹ. ಗಳಗಂಡ ಇದ್ದವರನ್ನು ಇಷ್ಟು ಮರ್ಯಾದೆಯಿಂದ ಕಂಡ ಇನ್ನೊಂದು ಹಳೆಯ ಸಾಲು ನನಗೆ ಸಿಕ್ಕಿಲ್ಲ.

ಚೀನಾದವರೂ ನೀರಿಗೇ ಬೊಟ್ಟು ಮಾಡಿದ್ದರು. ಕ್ರಿಸ್ತಪೂರ್ವ ಮೂರನೇ ಶತಮಾನದ ಲ್ಯೂಷಿ ಚುನ್‌ಚ್ಯೂ ಗ್ರಂಥದಲ್ಲಿ ಹಗುರ ನೀರಿನ ಕಡೆ ಬೋಳುತಲೆಯವರೂ ಗಳಗಂಡದವರೂ ಹೆಚ್ಚು ಅಂತ ಇದೆ. ಆದರೆ ಮದ್ದಿನಲ್ಲಿ ಅವರು ಎಲ್ಲರಿಗಿಂತ ಮುಂದೆ ಹೋದರು. ನಾಲ್ಕನೇ ಶತಮಾನದ ಗೆ ಹಾಂಗ್ ಕಡಲ ಪಾಚಿಯನ್ನು ಮದ್ಯದಲ್ಲಿ ನೆನೆಹಾಕಿ ಕುಡಿಯಲು ಹೇಳಿದ. ಏಳನೇ ಶತಮಾನದ ಸುನ್ ಸಿಮಿಯಾವ್‌ನ ಮದ್ದುಗಳಲ್ಲಿ ಪ್ರಾಣಿಗಳ ಗಂಟಲ ಗ್ರಂಥಿಯೂ ಇದೆ. ಕಡಲ ಪಾಚಿ ಅಂದರೆ ಅಯೋಡಿನ್. ಯಾಕೆ ಗುಣವಾಗುತ್ತದೆ ಅಂತ ಗೊತ್ತಿಲ್ಲದೆಯೇ ಗುಣವಾಗುವುದನ್ನು ಹಿಡಿದಿದ್ದರು.

ತುಂಗಾತೀರ

ಅಯ್ಯೋ, ಆ ದೊರೆಯ ಕಥೆಗೆ ಎಷ್ಟು ಧನ್ಯವಾದ ಹೇಳಲಿ. ಬೆಳಿಗ್ಗೆ ಅಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮಜ್ಜ ಹಾಗೇ ಇದ್ದರು ನೋಡು" ಅಂದರು.

ಹಳೇಹೊತ್ತಗೆ ಅವರ ಉತ್ತರದಿಂದ ಪದದ ಗೊಂದಲ ತೀರಿತು. ಇನ್ನು ಮೊದಲ ಪ್ರಶ್ನೆ ಉಳಿದಿದೆ.

ಪಾಲಂಪುರದಿಂದ

ನಮ್ಮವರು ಸೇನೆಯಲ್ಲಿ, ಮೂರು ವರ್ಷದಿಂದ ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿದ್ದೇವೆ. ಇಲ್ಲಿ ಗಳಗಂಡಕ್ಕೆ "ಗಿಲ್ಲಡ್" ಅನ್ನುತ್ತಾರೆ, ಬಯಲಿನ ಹಿಂದಿಯವರು "ಘೇಂಘಾ" ಅನ್ನುತ್ತಾರೆ. ಪಕ್ಕದ ಮನೆಯ ಅಜ್ಜಿ ತಮ್ಮ ಚಿಕ್ಕಂದಿನಲ್ಲಿ ಊರಿನ ಬಾವಿಕಟ್ಟೆಗೆ ನೀರಿಗೆ ಬರುತ್ತಿದ್ದ ಹೆಂಗಸರಲ್ಲಿ ಕೊರಳು ನೆಟ್ಟಗಿದ್ದವರನ್ನು ಬೆರಳಲ್ಲಿ ಎಣಿಸಬಹುದಿತ್ತು ಅನ್ನುತ್ತಾರೆ. ಅವರ ಮಾತಿನ ಲೆಕ್ಕ ಹೇಗೂ ಇರಲಿ, ಇದೇ ಕಣಿವೆಯಲ್ಲಿ 1950ರ ದಶಕದಲ್ಲಿ ಪಕ್ಕಾ ಲೆಕ್ಕವೂ ನಡೆಯಿತು. ಡಾ. ವಿ. ರಾಮಲಿಂಗಸ್ವಾಮಿಯವರೂ ಅವರ ಸಂಗಡಿಗರೂ ಒಂದು ಲಕ್ಷಕ್ಕೂ ಹೆಚ್ಚು ಜನರಿರುವ ಸೀಮೆಯನ್ನು ಮೂರು ವಲಯ ಮಾಡಿದರು. ಮೊದಲ ಎಣಿಕೆಯಲ್ಲಿ ನೂರಕ್ಕೆ ಸುಮಾರು 38 ಜನರಿಗೆ ಗಳಗಂಡ ಇತ್ತು. ಎರಡು ವಲಯಗಳಿಗೆ ಅಯೋಡಿನ್ ಬೆರೆಸಿದ ಉಪ್ಪು, ನಡುವಿನ ಒಂದಕ್ಕೆ ಬರಿ ಉಪ್ಪು. 1962ರ ಹೊತ್ತಿಗೆ ಅಯೋಡಿನ್ ಉಪ್ಪು ತಿಂದ ಎರಡೂ ಕಡೆ ಗಳಗಂಡ ಸುಮಾರು ಅರ್ಧಕ್ಕಿಳಿದಿತ್ತು. ಬರಿ ಉಪ್ಪಿನ ಕಡೆ ಇಳಿಯಲಿಲ್ಲ. ಆಮೇಲೆ ಆ ವಲಯಕ್ಕೂ ಅಯೋಡಿನ್ ಉಪ್ಪು ಕೊಟ್ಟರು. ದೇಶದ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾದದ್ದೂ 1962ರಲ್ಲೇ.

ಆ ನಡುವಿನ ವಲಯದ ಜನರ ಬಗ್ಗೆ ನನಗೆ ಆಗಾಗ ಯೋಚನೆ ಬರುತ್ತದೆ. ಆರು ವರ್ಷ ಅವರು ಬರಿ ಉಪ್ಪು ತಿಂದದ್ದರಿಂದಲೇ ಉಳಿದ ದೇಶಕ್ಕೆ ಪುರಾವೆ ಸಿಕ್ಕಿತು.

ಬಯಲುಸೀಮೆ

ಎಲ್ಲ ಸರಿ. ಆದರೆ ಒಂದು ಮಾತು ಚುಚ್ಚುತ್ತಿದೆ. ಸುಶ್ರುತ, ವಿಟ್ರೂವಿಯಸ್, ಚೀನಾದವರು ಎಲ್ಲರೂ ನೀರು ನೀರು ಅಂದರು. ಈಗ ನಾವು ಉಪ್ಪು, ಅಯೋಡಿನ್ ಅನ್ನುತ್ತಿದ್ದೇವೆ. ಹಾಗಾದರೆ ಅವರೆಲ್ಲ ತಪ್ಪು ಹೇಳಿದರು ಅಂತ ತೀರ್ಮಾನವಾ? ಹಳಬರನ್ನು ಅಷ್ಟು ಸುಲಭಕ್ಕೆ ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ.

ಮಣಿಪಾಲದ_ವೈದ್ಯೆ

ತಳ್ಳಿಹಾಕುವ ಪ್ರಶ್ನೆಯೇ ಇಲ್ಲ. ನಾನು ಈ ರೋಗವನ್ನು ದಿನಾ ನೋಡುವವಳು, ಆ ಹಳೆಯ ಸಾಲುಗಳನ್ನು ಓದಿದರೆ ಗೌರವವೇ ಹುಟ್ಟುತ್ತದೆ. ಅವರು ಜಾಗ ಸರಿಯಾಗಿ ಗುರುತಿಸಿದರು. ಮನೆ, ಜಾತಿ, ಪಾಪ ಅಂತ ಹುಡುಕದೆ ನೆಲವನ್ನೂ ನೀರನ್ನೂ ನೋಡಿದರು. ತಪ್ಪಿದ್ದು ಒಂದೇ ಕಡೆ: ನೀರಿನಲ್ಲಿ ಏನೋ ಇದೆ ಅಂದುಕೊಂಡರು. ನಿಜಕ್ಕೂ ಆ ನೀರಿನಲ್ಲಿ ಏನೋ ಇರಲಿಲ್ಲ. "ಇದೆ" ಅನ್ನುವುದನ್ನು "ಇಲ್ಲ" ಅಂತ ತಿರುಗಿಸುವುದಕ್ಕೆ ಮನುಷ್ಯನಿಗೆ ಎರಡು ಸಾವಿರ ವರ್ಷ ಬೇಕಾಯಿತು.

ಇದು ಹಳಬರದಷ್ಟೇ ಕಥೆಯಲ್ಲ. 1835ರಲ್ಲಿ ಕುಮಾವೂಂ ಬಗ್ಗೆ ಬರೆದ ಮೆಕ್‌ಲೆಲೆಂಡ್ ಅನ್ನುವ ವೈದ್ಯ ಸುಣ್ಣಕಲ್ಲಿನ ನೀರೇ ಕಾರಣ ಅಂತ ವಾದಿಸಿದ. ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಗಿಲ್ಗಿಟ್‌ನಲ್ಲಿದ್ದ ರಾಬರ್ಟ್ ಮೆಕ್‌ಕ್ಯಾರಿಸನ್ ಇನ್ನೂ ಮುಂದೆ ಹೋದ. ಒಂದೇ ಕಾಲುವೆಯ ನೀರನ್ನು ಸಾಲಾಗಿ ಬಳಸುವ ಹಳ್ಳಿಗಳಲ್ಲಿ ಮೇಲಿನ ಹಳ್ಳಿಗಿಂತ ಕೆಳಗಿನ ಹಳ್ಳಿಯಲ್ಲಿ ಗಳಗಂಡ ಹೆಚ್ಚು ಅನ್ನುವುದನ್ನು ಕಂಡ. ಮೇಲಿನವರು ಹೊಲಸು ಮಾಡಿದ ನೀರು ಕೆಳಗಿನವರಿಗೆ ಸೇರಿ ಯಾವುದೋ ಸೂಕ್ಷ್ಮಜೀವಿ ರೋಗ ತರುತ್ತದೆ ಅಂದುಕೊಂಡ. ಆ ನೀರಿನ ಮಡ್ಡಿಯನ್ನು ಸ್ವಯಂಸೇವಕರಿಗೂ ಕುಡಿಸಿದ, ತಾನೂ ಕುಡಿದ, ತನ್ನ ಗಂಟಲು ಊದಿದ್ದನ್ನೂ ಬರೆದಿಟ್ಟ. ಅಷ್ಟು ಪ್ರಾಮಾಣಿಕ ಮನುಷ್ಯ. ಆದರೂ ಅವನು ಹುಡುಕುತ್ತಿದ್ದದ್ದು ನೀರಿನಲ್ಲಿ "ಇರುವ" ವಸ್ತುವನ್ನೇ. ಅವನೇ ಮುಂದೆ ನೀಲಗಿರಿಯ ಕೂನೂರಿನಲ್ಲಿ ಪೋಷಣೆಯ ಸಂಶೋಧನೆ ಕಟ್ಟಿದ. ಆ ಪ್ರಯೋಗಾಲಯ ಹೈದರಾಬಾದಿಗೆ ಹೋಗಿ ಇವತ್ತಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಗಿದೆ.

ಈಗ ತುಂಗಾತೀರ ಅವರ ಮೊದಲ ಪ್ರಶ್ನೆ. ಥೈರಾಯ್ಡ್ ತನ್ನ ಹಾರ್ಮೋನು ಮಾಡಬೇಕಾದರೆ ಅಯೋಡಿನ್ ಬೇಕು. ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಮ್, ಒಂದು ಗ್ರಾಮಿನ ಸುಮಾರು ಆರೂವರೆ ಸಾವಿರದಲ್ಲಿ ಒಂದು ಪಾಲು. ಅಷ್ಟೂ ಸಿಗದಿದ್ದರೆ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಥೈರಾಯ್ಡನ್ನು "ಇನ್ನೂ ದುಡಿ, ಇನ್ನೂ ದುಡಿ" ಅಂತ ತಿವಿಯುತ್ತಲೇ ಇರುತ್ತದೆ. ರಕ್ತದಲ್ಲಿ ಹಾದುಹೋಗುವ ಚೂರುಪಾರು ಅಯೋಡಿನ್ ಹಿಡಿದುಕೊಳ್ಳಲು ಗ್ರಂಥಿ ಬೆಳೆಯುತ್ತಾ ಹೋಗುತ್ತದೆ. ಆ ಬೆಳವಣಿಗೆಯೇ ಗಳಗಂಡ. ಮಣ್ಣಿನ ಅಯೋಡಿನ್ ನೀರಿನಲ್ಲಿ ಸುಲಭವಾಗಿ ಕರಗುತ್ತದೆ. ಹಿಮಾಲಯದಲ್ಲಿ, ಆಲ್ಪ್ಸ್‌ನಲ್ಲಿ ಹಿಮನದಿ ಕೆರೆದು, ಹಿಮ ಕರಗಿ, ಮಳೆ ಹೊಯ್ದು ಅದು ಸಮುದ್ರ ಸೇರಿತು. ನಮ್ಮ ಮಲೆನಾಡಿನಲ್ಲಿ ಹಿಮನದಿ ಇಲ್ಲ, ಆದರೆ ಮಳೆ ಇದೆಯಲ್ಲ! ಆಗುಂಬೆ, ಕೊಪ್ಪ, ಶೃಂಗೇರಿಯ ಮಳೆ ನಾನು ಹೇಳಬೇಕೆ? ಇಳಿಜಾರಿನ ಮಣ್ಣನ್ನು ಸಾವಿರಾರು ಮಳೆಗಾಲ ತೊಳೆದಿವೆ. ಚಿಕ್ಕಮಗಳೂರು, ಕೊಡಗು ಜಿಲ್ಲೆಗಳು ಗಳಗಂಡದ ಸಮೀಕ್ಷೆಗಳಲ್ಲಿ ಕಾಣಿಸಿಕೊಂಡಿರುವುದು ಸುಮ್ಮನೆ ಅಲ್ಲ. ಸುಶ್ರುತದ ಪಟ್ಟಿ ಮಾಡಿದವರು ಹಿಮಾಲಯದ ತಪ್ಪಲನ್ನು ಹತ್ತಿರದಿಂದ ಕಂಡವರು, ಸಹ್ಯಾದ್ರಿಯ ಒಳಗಿನ ಒಂಟಿಮನೆಗಳನ್ನು ಅವರು ಕಂಡಿರಲಾರರು ಅಂತ ನನ್ನ ಅನಿಸಿಕೆ.

ಹಳೇಹೊತ್ತಗೆ

ವೈದ್ಯೆಯವರ ಕೊನೆಯ ಮಾತಿಗೆ ಒಂದು ಒತ್ತಾಸೆ. ಇನ್ನೊಂದು ಹಳೆಯ ಆಯುರ್ವೇದ ಗ್ರಂಥವಾದ ಭೇಲ ಸಂಹಿತೆಯಲ್ಲಿ ಪೂರ್ವದೇಶದವರು ಸದಾ ಮೀನು ಅನ್ನ ಉಣ್ಣುವವರು, ಅವರಲ್ಲಿ ಆನೆಕಾಲು ಮತ್ತು ಗಳಗಂಡ ಸಾಮಾನ್ಯವಾಗಿ ಕಾಣುತ್ತದೆ ಅಂತ ಬರುತ್ತದೆ. ಪೂರ್ವ ಅಂದರೆ ಗಂಗೆಯ ಕೆಳಬಯಲು. ನೆರೆ ಬಂದು ಬಂದು ಮಣ್ಣು ತೊಳೆದ ಸೀಮೆ. ಕಾರಣ ಮೀನೂ ಅಲ್ಲ ಅನ್ನವೂ ಅಲ್ಲ, ಆದರೆ ಸೀಮೆ ಸರಿ. ಆಯಾ ಗ್ರಂಥ ಆಯಾ ಕಣ್ಣಿಗೆ ಬಿದ್ದ ನೆಲವನ್ನು ಬರೆದಿದೆ.

ಗೋಕರ್ಣದ_ಉಪ್ಪು

ನಮ್ಮ ಮನೆತನ ಸಾಣಿಕಟ್ಟಾದ ಉಪ್ಪಿನ ಆಗರದಲ್ಲಿ ತಲೆತಲಾಂತರದಿಂದ ದುಡಿದದ್ದು. ಒಂದು ಸಂಕಟದ ಪ್ರಶ್ನೆ. ನಮ್ಮ ಉಪ್ಪು ಘಟ್ಟ ಹತ್ತಿ ಮಲೆನಾಡಿಗೆ ಹೋಗುತ್ತಿತ್ತು. ಸಮುದ್ರದಲ್ಲಿ ಅಯೋಡಿನ್ ಇದೆ ಅನ್ನುತ್ತೀರಿ. ಹಾಗಿದ್ದ ಮೇಲೆ ಸಮುದ್ರದ ಉಪ್ಪು ತಿಂದವರಿಗೂ ಯಾಕೆ ಬಂತು? ನಮ್ಮ ಉಪ್ಪಿನಲ್ಲೇ ದೋಷವಾ?

ಮಣಿಪಾಲದ_ವೈದ್ಯೆ

ದೋಷ ಖಂಡಿತ ಇಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಲೆಕ್ಕ ಹಾಕಿ ನೋಡೋಣ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಮ್ ಲವಣ, ಸುಮಾರು 60 ಮೈಕ್ರೋಗ್ರಾಮ್ ಅಯೋಡಿನ್. ನಾವು ದಿನಕ್ಕೆ ತಿನ್ನುವುದು ಹತ್ತು ಗ್ರಾಮ್ ಉಪ್ಪು ಅಂದುಕೊಳ್ಳಿ. ಆ ಅಯೋಡಿನ್ ಎಲ್ಲವೂ ಉಪ್ಪಿನ ಜೊತೆಗೇ ಉಳಿದರೂ ಸಿಗುವುದು 17 ಮೈಕ್ರೋಗ್ರಾಮ್. ಬೇಕಾದದ್ದು 150. ಆಗರದಲ್ಲಿ ಉಪ್ಪು ಹರಳುಗಟ್ಟುವಾಗ ಅದರಲ್ಲೂ ಬಹುಪಾಲು ಉಳಿಕೆ ನೀರಿನೊಂದಿಗೆ ಹೋಗಿಬಿಡುತ್ತದೆ. ಕಡಲಿನ ಅಯೋಡಿನ್ ಇರುವುದು ಮೀನಿನಲ್ಲಿ, ಸಿಗಡಿಯಲ್ಲಿ, ಪಾಚಿಯಲ್ಲಿ. ಕರಾವಳಿಯ ತಟ್ಟೆಗೆ ಅದು ಬಂತು. ಘಟ್ಟದ ಮೇಲಿನ ಸಸ್ಯಾಹಾರದ ಮನೆಗಳಿಗೆ ನಿಮ್ಮ ಉಪ್ಪು ಬಂತು, ಅಯೋಡಿನ್ ಬರಲಿಲ್ಲ.

ಇವತ್ತು ಪೊಟ್ಟಣದ ಉಪ್ಪಿನಲ್ಲಿ ಮನೆಗೆ ತಲುಪುವಾಗ ಒಂದು ಕಿಲೋಗೆ ಕನಿಷ್ಠ 15 ಮಿಲಿಗ್ರಾಮ್ ಅಯೋಡಿನ್ ಇರಬೇಕು ಅನ್ನುವ ನಿಯಮ ಇದೆ. ಹತ್ತು ಗ್ರಾಮಿಗೆ ಸರಿಯಾಗಿ 150 ಮೈಕ್ರೋಗ್ರಾಮ್. ಉಪ್ಪಿನ ಡಬ್ಬಿಗೆ ಮುಚ್ಚಳ ಹಾಕಿಡಿ, ಒಲೆಯ ಪಕ್ಕ ಇಡಬೇಡಿ.

ಗೋಕರ್ಣದ_ಉಪ್ಪು

ಸಮಾಧಾನವಾಯಿತು. ತಂದೆಗೆ ಈ ಲೆಕ್ಕ ಬರೆದು ತೋರಿಸುತ್ತೇನೆ.

ಆಲ್ಪ್ಸ್‌ಮಡಿಲು

ತಡವಾಯಿತು, ಕ್ಷಮಿಸಿ. ಉಪ್ಪಿನವರೆಗೆ ಮಾತು ಬಂದದ್ದು ಒಳ್ಳೆಯದೇ ಆಯಿತು.

1811ರಲ್ಲಿ ಪ್ಯಾರಿಸ್ಸಿನಲ್ಲಿ ಬರ್ನಾರ್ಡ್ ಕೂರ್ತ್ವಾ ಸಿಡಿಮದ್ದಿನ ಉಪ್ಪಿಗಾಗಿ ಕಡಲ ಪಾಚಿಯ ಬೂದಿ ಕುದಿಸುವಾಗ ನೇರಳೆ ಬಣ್ಣದ ಹೊಗೆ ಎದ್ದಿತು. ಅದೇ ಅಯೋಡಿನ್, ಹೆಸರೂ ಗ್ರೀಕಿನ ನೇರಳೆಯಿಂದಲೇ ಬಂದದ್ದು. ಜಿನೀವಾದ ವೈದ್ಯ ಕ್ವಾಂದೆ 1820ರಲ್ಲಿ, ಗಳಗಂಡಕ್ಕೆ ಶತಮಾನಗಳಿಂದ ಕೊಡುತ್ತಿದ್ದ ಸುಟ್ಟ ಕಡಲ ಸ್ಪಂಜಿನ ಬೂದಿಯ ಸತ್ವವೂ ಇದೇ ಇರಬೇಕು ಅಂತ ಊಹಿಸಿ ಅಯೋಡಿನ್ನನ್ನೇ ಕೊಟ್ಟ. ಗಡ್ಡೆ ಕರಗಿತು. ಆದರೆ ಜನ ತಾವೇ ಕೊಂಡು ಮನಸೋಇಚ್ಛೆ ಕುಡಿದು ಎದೆ ಹೊಡೆದುಕೊಳ್ಳುವುದು, ಮೈ ಸೊರಗುವುದು ಶುರುವಾಗಿ ಅವನ ಮೇಲೆ ಊರೇ ತಿರುಗಿಬಿತ್ತು. ದಕ್ಷಿಣ ಅಮೆರಿಕದ ಆ್ಯಂಡೀಸ್ ಬೆಟ್ಟಗಳಲ್ಲಿ ಫ್ರೆಂಚ್ ವಿಜ್ಞಾನಿ ಬುಸಿಂಗೋ 1830ರ ದಶಕದಲ್ಲಿ, ಅಯೋಡಿನ್ ಇರುವ ಗಣಿಯ ಉಪ್ಪು ತಿನ್ನುವವರಿಗೆ ಗಳಗಂಡ ಬರುವುದಿಲ್ಲ, ಎಲ್ಲರಿಗೂ ಅದೇ ಉಪ್ಪು ಕೊಡಿ ಅಂದ. 1850ರ ದಶಕದಲ್ಲಿ ಶತಾಂ ಅನ್ನುವ ಇನ್ನೊಬ್ಬ ಫ್ರೆಂಚ್ ವಿಜ್ಞಾನಿ ನೀರು, ಮಣ್ಣಿನಲ್ಲಿ ಅಯೋಡಿನ್ ಎಷ್ಟಿದೆ ಅಂತ ಅಳೆದು "ಇಲ್ಲದಿರುವುದೇ ಕಾರಣ" ಅಂತ ಬರೆದ. ಫ್ರಾನ್ಸಿನ ವಿದ್ವಾಂಸರು ಒಪ್ಪಲಿಲ್ಲ. ಈ ಕೊನೆಯ ಸಂಗತಿ ಓದಿದಾಗಲೆಲ್ಲ ಹೊಟ್ಟೆಯಲ್ಲಿ ಕಿಚ್ಚು ಏಳುತ್ತದೆ. ಉತ್ತರ ಕೈಗೆ ಬಂದ ಮೇಲೂ ಎಪ್ಪತ್ತು ವರ್ಷ ಹೋಯಿತು.

ಆ ನಡುವೆ ನಮ್ಮ ಬರ್ನ್‌ನ ಶಸ್ತ್ರವೈದ್ಯ ಥಿಯೊಡೋರ್ ಕೋಕರ್ ಬಂದ. ಗಳಗಂಡ ಕತ್ತರಿಸುವುದರಲ್ಲಿ ಅವನಷ್ಟು ಕೈ ಪಳಗಿದವರು ಇರಲಿಲ್ಲ. 1874ರಲ್ಲಿ ಹನ್ನೊಂದು ವರ್ಷದ ಹುಡುಗಿಯೊಬ್ಬಳ ಥೈರಾಯ್ಡನ್ನು ಪೂರ್ತಿ ತೆಗೆದ. ಕೆಲವು ವರ್ಷದ ಮೇಲೆ ನೋಡಿದರೆ ಅವಳ ತಂಗಿ ಎತ್ತರಕ್ಕೆ ಬೆಳೆದಿದ್ದಳು, ಇವಳು ಅಲ್ಲೇ ಕುಗ್ಗಿ ಮಂಕಾಗಿದ್ದಳು. ಕೋಕರ್ ತನ್ನ ಹಳೆಯ ರೋಗಿಗಳನ್ನೆಲ್ಲ ಹುಡುಕಿ ಕರೆಸಿ ಪರೀಕ್ಷಿಸಿದ. ಪೂರ್ತಿ ಗ್ರಂಥಿ ತೆಗೆಸಿಕೊಂಡವರಲ್ಲಿ ಹೆಚ್ಚಿನವರ ಗತಿ ಅದೇ. 1883ರಲ್ಲಿ ತನ್ನ ಕೈಯಿಂದ ಆದದ್ದನ್ನು ತಾನೇ ಸಭೆಯ ಮುಂದೆ ಹೇಳಿದ. ಥೈರಾಯ್ಡ್ ದೇಹಕ್ಕೆ ಎಷ್ಟು ಬೇಕು ಅನ್ನುವುದು ಜಗತ್ತಿಗೆ ಮನದಟ್ಟಾದದ್ದು ಹೀಗೆ. 1909ರಲ್ಲಿ ಅವನಿಗೆ ನೊಬೆಲ್ ಬಂತು. ಅವನ ಹೆಸರಿನ ಬೀದಿಯಲ್ಲಿ ನಾನು ವಾರಕ್ಕೆರಡು ಸಲ ಹಾದುಹೋಗುತ್ತೇನೆ, ಆ ಹುಡುಗಿ ನೆನಪಾಗದ ದಿನ ಇಲ್ಲ.

ಗೆದ್ದದ್ದು ಮಾತ್ರ ಹಳ್ಳಿಯ ವೈದ್ಯರು. ವಾಲಿಸ್ ಸೀಮೆಯ ಒಟ್ಟೊ ಬಾಯರ್ಡ್ 1918ರಲ್ಲಿ ಗ್ರೆಖೆನ್ ಅನ್ನುವ ಬೆಟ್ಟದ ಹಳ್ಳಿಗೆ ಚೂರೇ ಚೂರು ಅಯೋಡಿನ್ ಬೆರೆಸಿದ ಉಪ್ಪು ಕೊಟ್ಟು ನೋಡಿದ. ಅಪೆನ್‌ಜೆಲ್‌ನ ಹಾನ್ಸ್ ಎಗನ್‌ಬರ್ಗರ್ ಜನರ ಸಹಿ ಸಂಗ್ರಹಿಸಿ 1922ರಲ್ಲಿ ತನ್ನ ಪ್ರಾಂತ್ಯದ ಅಂಗಡಿಗಳಿಗೇ ಅಯೋಡಿನ್ ಉಪ್ಪು ತರಿಸಿದ. ಆಮೇಲೆ ಹುಟ್ಟಿದ ಮಕ್ಕಳ ಕೊರಳು ನೆಟ್ಟಗಿತ್ತು. ನಮ್ಮ ಬೀದಿಯ ತೊಂಬತ್ತು ದಾಟಿದ ಒಬ್ಬ ಅಜ್ಜಿ ತಮ್ಮ ಅಮ್ಮನ ಕತ್ತಿನ ಪಟ್ಟಿ ತೋರಿಸಿದರು. ಬೆಳ್ಳಿಯ ಬಿಲ್ಲೆ ಇರುವ ಅಗಲವಾದ ಕಪ್ಪು ಮಖಮಲ್ಲು. ಒಡವೆ ಅಂದುಕೊಂಡೆ. "ಒಡವೆಯೂ ಹೌದು, ಮುಚ್ಚಿಕೊಳ್ಳುವುದಕ್ಕೂ ಹೌದು" ಅಂದರು.

ಮುಂಗಾರುಮನೆ

ಈಗ ಬರೆಯುವ ಧೈರ್ಯ ಬಂತು. ನಮ್ಮ ದೊಡ್ಡಮ್ಮನ ಮೊದಲ ಮಗ ಕಿವಿ ಕೇಳದೆ, ಮಾತು ಬಾರದೆ, ಕುಳ್ಳಗೆ ಉಳಿದ. ನಲವತ್ತು ವರ್ಷ ಬದುಕಿದ್ದ. ಊರಿನವರು ಅದನ್ನು ದೊಡ್ಡಮ್ಮನ ಕರ್ಮ ಅಂದರು. ಪೇಟೆಯ ಒಂದು ಆಸ್ಪತ್ರೆಯಲ್ಲೂ ಅವಳ ಕೊರಳಿಗೂ ಮಗುವಿಗೂ ಸಂಬಂಧ ಇದೆ ಅಂತ ಯಾರೂ ಹೇಳಲಿಲ್ಲ. ವೈದ್ಯೆಯವರೇ, ಸಂಬಂಧ ಇತ್ತಾ?

ಮಣಿಪಾಲದ_ವೈದ್ಯೆ

ಪರೀಕ್ಷೆ ಮಾಡದೆ ಒಬ್ಬರ ಬಗ್ಗೆ ಖಚಿತವಾಗಿ ಹೇಳಲಾಗದು. ಆದರೆ ನೀವು ಬರೆದ ಮೂರೂ ಲಕ್ಷಣ, ಕಿವುಡು, ಮೂಗತನ, ಕುಳ್ಳು ಮೈ, ಹೊಟ್ಟೆಯಲ್ಲಿದ್ದಾಗ ಅಯೋಡಿನ್ ಸಿಗದ ಮಗುವಿನಲ್ಲಿ ಒಟ್ಟಿಗೆ ಬರುವಂಥವು. ತಾಯಿಗೆ ಅಯೋಡಿನ್ ಇಲ್ಲದಿದ್ದರೆ ಮಗುವಿನ ಮಿದುಳು, ಕಿವಿ ಬೆಳೆಯುವುದಿಲ್ಲ. ಯುರೋಪಿನ ವೈದ್ಯ ಪ್ಯಾರಾಸೆಲ್ಸಸ್ ಹದಿನಾರನೇ ಶತಮಾನದಲ್ಲೇ ಗಳಗಂಡದ ಸೀಮೆಯಲ್ಲೇ ಇಂಥ ಮಕ್ಕಳೂ ಹುಟ್ಟುತ್ತಾರೆ ಅಂತ ಬರೆದಿದ್ದ. 1992ರಲ್ಲಿ ನಮ್ಮ ಸರ್ಕಾರದ ಕಾರ್ಯಕ್ರಮದ ಹೆಸರು ಗಳಗಂಡ ನಿಯಂತ್ರಣ ಅಂತ ಇದ್ದದ್ದು ಅಯೋಡಿನ್ ಕೊರತೆಯ ರೋಗಗಳ ನಿಯಂತ್ರಣ ಅಂತ ಬದಲಾದದ್ದೂ ಇದಕ್ಕೇ: ಕೊರಳಿನ ಗಡ್ಡೆ ಕಣ್ಣಿಗೆ ಕಾಣುತ್ತದೆ, ಮಗುವಿನ ಮಿದುಳಿಗೆ ಆದದ್ದು ಕಾಣುವುದಿಲ್ಲ. ಕರ್ಮ ಅಲ್ಲ, ಅಕ್ಕ. ನಿಮ್ಮ ದೊಡ್ಡಮ್ಮನ ತಪ್ಪು ಒಂದಿನಿತೂ ಇರಲಿಲ್ಲ.

ಮುಂಗಾರುಮನೆ

ಅವಳು ಬದುಕಿದ್ದಾಗ ಇದನ್ನು ಯಾರಾದರೂ ಹೇಳಿದ್ದರೆ.

ತುಂಗಾತೀರ

ಮುಂಗಾರುಮನೆ ಅಕ್ಕ, ನಿಮ್ಮ ಮಾತು ಓದಿ ರಾತ್ರಿ ನಿದ್ದೆ ಬರಲಿಲ್ಲ. ಶನಿವಾರ ಊರಿಗೆ ಹೋದೆ.

ನಮ್ಮ ಮನೆಯಲ್ಲಿ ಅಜ್ಜಿಯ ಬಗ್ಗೆ ಯಾರೂ ಏನೂ ಬರೆದಿಟ್ಟಿಲ್ಲ. ಫೋಟೋ ಇರುವುದು ಎರಡೇ, ಎರಡರಲ್ಲೂ ಸೆರಗು ಗಲ್ಲದವರೆಗೆ. ಅಮ್ಮ ಪೆಟ್ಟಿಗೆಯಿಂದ ಅವರ ಕರಿಮಣಿ ತೆಗೆದುಕೊಟ್ಟರು. ಮದುವೆಯಲ್ಲಿ ಕಟ್ಟಿದಾಗ ಕೊರಳಿಗೆ ಅಂಟಿಕೊಂಡಂತೆ ಕೂರುತ್ತಿದ್ದ ಗಿಡ್ಡ ಸರ ಅದು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಹಳೆಯ ಮಣಿಗಳು ಬೆವರು, ಅರಿಸಿನ ಹಿಡಿದು ಮಾಸಿವೆ. ನಡುನಡುವೆ ಮೂರು ಕಡೆ ಬೇರೆ ಮಣಿ, ಸ್ವಲ್ಪ ದಪ್ಪ, ಹೊಳಪು ಜಾಸ್ತಿ. ಬಿಗಿಯಾದಾಗಲೆಲ್ಲ ಅಜ್ಜ ಕೊಪ್ಪದ ಸಂತೆಯಿಂದ ಮಣಿ ತಂದು ತಾವೇ ಪೋಣಿಸಿ ಕೊಡುತ್ತಿದ್ದರಂತೆ. ಮೊದಲ ಸಲ ಒಂಬತ್ತು, ಎರಡನೆಯ ಸಲ ಹದಿನಾಲ್ಕು, ಕೊನೆಯ ಸಲ ಇಪ್ಪತ್ತೊಂದು. ಅಮ್ಮನ ಎದುರು ಕೂತು ಎರಡು ಸಲ ಎಣಿಸಿದೆ.